ಆನ್‌ಲೈನ್ ವಿಡಿಯೊ ಸಂಪಾದನೆ: ಸಲಕರಣೆಯನ್ನು ಒರೆಗೆ ಹಚ್ಚಿ ನೋಡಿ



ಔಷಧಿ ಸಿಂಪಡಿಸುವ ಯಂತ್ರ ಕೊಳ್ಳಲು ಅಂಗಡಿಗೆ ಹೋದ ರೈತ ಅದರ ಬಣ್ಣ ನೋಡಿ ಹಣ ಎಣಿಸುವುದಿಲ್ಲ. ಟ್ಯಾಂಕಿಗೆ ನೀರು ತುಂಬಿಸಿ, ಬೆನ್ನಿಗೇರಿಸಿ, ನಾಲ್ಕು ಹೆಜ್ಜೆ ನಡೆದು, ಪಟ್ಟಿ ಹೆಗಲನ್ನು ಒತ್ತುತ್ತದೆಯೋ, ನಾಜಲ್ಲು ಸೋರುತ್ತದೆಯೋ ಎಂದು ನೋಡಿದ ಮೇಲೆಯೇ ಬೆಲೆಯ ಮಾತು. ಇಷ್ಟು ಎಚ್ಚರದ ಜನರಾದ ನಾವು ಕಂಪ್ಯೂಟರು ಮತ್ತು ಮೊಬೈಲಿನ ಮೂಲಕ ಬರುವ ಸಲಕರಣೆಗಳ ವಿಷಯದಲ್ಲಿ ಮಾತ್ರ 'ಎಲ್ಲರೂ ಬಳಸುತ್ತಾರೆ, ಪುಕ್ಕಟೆ ಬೇರೆ' ಎಂದು ಕಣ್ಣು ಮುಚ್ಚಿ ಒಪ್ಪಿಕೊಂಡುಬಿಡುತ್ತೇವೆ. ಈ ಮಾತು ನಿಮಗಿಂತ ಮೊದಲು ನನಗೇ ಅನ್ವಯಿಸುತ್ತದೆ. ಅದರ ಕಥೆಯನ್ನು ಮುಂದೆ ಹೇಳುತ್ತೇನೆ.

ಈಗ ಹಳ್ಳಿಹಳ್ಳಿಯಲ್ಲೂ ಕೃಷಿಯ ವಿಡಿಯೊ ಮಾಡುವವರಿದ್ದಾರೆ. ಒಬ್ಬರು ಗುಳಿ ಪದ್ಧತಿಯ ರಾಗಿ ತೋರಿಸಿದರೆ ಇನ್ನೊಬ್ಬರು ಕಾಳುಮೆಣಸಿನ ಬಳ್ಳಿ ಕಟ್ಟುವುದನ್ನು ತೋರಿಸುತ್ತಾರೆ. ಇದು ಸಂತೋಷದ ಬೆಳವಣಿಗೆಯೇ ಸರಿ. ರೈತನ ಮಾತನ್ನು ರೈತ ನಂಬುವಷ್ಟು ಅಧಿಕಾರಿಯ ಮಾತನ್ನು ನಂಬುವುದಿಲ್ಲವೆಂಬುದು ಇಪ್ಪತ್ತು ವರ್ಷ ವಿಸ್ತರಣಾ ಕೆಲಸ ಮಾಡಿದ ನನಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ರಿಕಿನ್ ಗಾಂಧಿಯವರು ಆರಂಭಿಸಿದ ಡಿಜಿಟಲ್ ಗ್ರೀನ್ ಯೋಜನೆ ನಿಂತದ್ದೇ ಈ ತತ್ತ್ವದ ಮೇಲೆ. ಗ್ರೀನ್ ಫೌಂಡೇಷನ್ ಎಂಬ ಸಂಸ್ಥೆಯ ಜೊತೆ ಸೇರಿ ನಮ್ಮ ರಾಜ್ಯದ ಹಳ್ಳಿಗಳಲ್ಲಿಯೇ ಅದನ್ನು ಮೊದಲು ಪ್ರಯೋಗಿಸಿ ನೋಡಿದರು. ಆಯಾ ಊರಿನ ರೈತರನ್ನೇ ಚಿತ್ರೀಕರಿಸಿ, ಅಕ್ಕಪಕ್ಕದ ಊರಿನವರಿಗೆ ತೋರಿಸಿ, ನಡುನಡುವೆ ಚಿತ್ರ ನಿಲ್ಲಿಸಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಒಬ್ಬ ಸ್ಥಳೀಯ ವ್ಯಕ್ತಿಯನ್ನೂ ಇಟ್ಟರು. 2008ರಲ್ಲಿ ಅದು ಸ್ವತಂತ್ರ ಸಂಸ್ಥೆಯಾಯಿತು. ವಿಡಿಯೊ ಒಂದೇ ಸಾಲದು, ಅದನ್ನು ನಿಲ್ಲಿಸಿ ಕೇಳುವವನೊಬ್ಬ ಬೇಕು ಎಂಬುದು ಆ ಪ್ರಯೋಗದಿಂದ ಕಲಿಯಬೇಕಾದದ್ದು. ಈಗ ನಾವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ವಿಡಿಯೊಗಳಿಗೆ ಅಂಥವನೊಬ್ಬ ಇರುವುದಿಲ್ಲ. ಆದುದರಿಂದ ವಿಡಿಯೊ ತನ್ನಷ್ಟಕ್ಕೆ ತಾನೇ ಸರಿಯಾಗಿರಬೇಕಾಗುತ್ತದೆ.

ನಡೆದ ಸಂಗತಿ

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಹೋಬಳಿಯ ಹಿರಿಯ ಬೆಳೆಗಾರರೊಬ್ಬರ ತೋಟದಲ್ಲಿ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ಚಿತ್ರೀಕರಿಸಿದೆವು. ಅಡಿಕೆ ತೋಟಗಾರಿಕೆ ಇಲಾಖೆಗೆ ಸೇರಿದ್ದು, ನಾನು ಕೃಷಿ ಇಲಾಖೆಯವನು. ಆದರೆ ಕೊಳೆರೋಗ ಬಂದಾಗ ರೈತನಿಗೆ ಇಲಾಖೆಗಳ ನಡುವಿನ ಗೋಡೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಕಬ್ಬಿಣದ ಪಾತ್ರೆ ಕೂಡದು. ಕೊನೆಯಲ್ಲಿ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಛಾಯೆ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ನೋಡಬೇಕು. ಇದೆಲ್ಲ ನಿಮಗೆ ತಿಳಿದದ್ದೇ.

ಹಿರಿಯರು ಮಾತು ಕಡಿಮೆಯವರು. ಚಾಕು ಅದ್ದಿ, ಆ ಒಂದು ನಿಮಿಷ ಸುಮ್ಮನೆ ನಿಂತರು. ನಂತರ ಅಲಗನ್ನು ಬೆಳಕಿಗೆ ಹಿಡಿದು ತೋರಿಸಿ, ತಲೆಯಾಡಿಸಿ, ಇನ್ನೊಂದು ತಂಬಿಗೆ ಸುಣ್ಣದ ತಿಳಿ ಹಾಕಿದರು. ಒಂದು ಮಾತೂ ಆಡಲಿಲ್ಲ.

ಹನ್ನೊಂದು ನಿಮಿಷದ ಚಿತ್ರವನ್ನು ನಾಲ್ಕು ನಿಮಿಷಕ್ಕೆ ಇಳಿಸುವ ಕೆಲಸವನ್ನು ಊರಿನ ಉತ್ಸಾಹಿ ಯುವಕನೊಬ್ಬನಿಗೆ ವಹಿಸಿದೆ. ಅವನು ಬ್ರೌಸರಿನಲ್ಲಿಯೇ ತೆರೆದು ಬಳಸುವ ಒಂದು ಆನ್‌ಲೈನ್ ಸಲಕರಣೆಯಲ್ಲಿ ಅದನ್ನು ಒಂದು ಸಂಜೆಯಲ್ಲಿ ಮುಗಿಸಿದ. ಆ ಸಲಕರಣೆಯ ಹೆಸರು ಇಲ್ಲಿ ಬೇಡ. ಅದರಲ್ಲಿ 'ಮೌನವನ್ನು ತೆಗೆದುಹಾಕು' ಎಂಬ ಗುಂಡಿಯಿತ್ತು. ಒತ್ತಿದ. ಮಾತಿಲ್ಲದ ಜಾಗವನ್ನೆಲ್ಲ ಯಂತ್ರ ತಾನೇ ಹುಡುಕಿ ಕತ್ತರಿಸಿ ಜೋಡಿಸಿತು. ಚಾಕುವಿನ ಪರೀಕ್ಷೆ ಇಡಿಯಾಗಿ ಹೋಯಿತು. ಅಷ್ಟೇ ಅಲ್ಲ, ಚಿತ್ರ ಹಿಂದಕ್ಕೆ ಸರಿಯಿತೇ ಹೊರತು ಅದಕ್ಕೆ ಮೊದಲೇ ಬರೆದಿಟ್ಟಿದ್ದ ಅಕ್ಷರದ ಸಾಲುಗಳು ಸರಿಯಲಿಲ್ಲ. 'ಇದನ್ನು ನಿಧಾನವಾಗಿ ಸುರಿಯಿರಿ' ಎಂಬ ಸಾಲು ಎಲ್ಲಿರಬೇಕಿತ್ತೋ ಅಲ್ಲಿರದೆ ಇನ್ನೊಂದು ಡ್ರಮ್ಮಿನ ಮೇಲೆ ಹೋಗಿ ಕೂತಿತು. ನಾನು ಬಸ್ಸಿನಲ್ಲಿ ಹೋಗುತ್ತ ಫೋನಿನಲ್ಲಿ ಅರ್ಧ ನೋಡಿ 'ಚೆನ್ನಾಗಿದೆ, ಕಳಿಸಪ್ಪ' ಎಂದೆ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದು.

ಜೂನಿನಲ್ಲಿ ಪಕ್ಕದ ಊರಿನಿಂದ ಫೋನು ಬಂತು. ಹೊಸದಾಗಿ ತೋಟ ಕೊಂಡವರು, ವಿಡಿಯೊ ನೋಡಿಯೇ ಔಷಧಿ ಕಲಸಿ ಕೊನೆಗಾರನಿಂದ ಹೊಡೆಸಿದ್ದರು. ಅವರ ಬಳಿಯಿದ್ದ ಸುಣ್ಣ ಹಳೆಯದು, ಗಾಳಿಗೆ ಅರಳಿ ಶಕ್ತಿ ಕಳೆದುಕೊಂಡದ್ದು. ತೂಕಕ್ಕೆ 1 ಕಿಲೋ ಇದ್ದರೂ ಕೆಲಸಕ್ಕೆ ಅಷ್ಟಿರಲಿಲ್ಲ. ಚಾಕು ಅದ್ದಿದ್ದರೆ ಆ ಕ್ಷಣವೇ ತಿಳಿಯುತ್ತಿತ್ತು. ಅದ್ದಬೇಕೆಂದು ವಿಡಿಯೊ ಹೇಳಿರಲಿಲ್ಲ. ನಾನು ಹೋಗಿ ನೋಡುವಾಗ ಸುಮಾರು ಅರವತ್ತು ಮರಗಳ ಗೊನೆಯಲ್ಲಿ ಎಳೆಗಾಯಿ ಸುಟ್ಟಂತಾಗಿ ಬುಡದಲ್ಲಿ ಉದುರಿ ಬಿದ್ದಿತ್ತು. ಅವರು ನನ್ನನ್ನು ಬೈಯಲಿಲ್ಲ. "ನೀವು ತೋರ್ಸಿದ ಹಾಗೇ ಮಾಡಿದ್ದು ಸಾರ್" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಐವರನ್ನು ಕೂರಿಸಿ ನೋಡಿದೆ

ಈ ಘಟನೆಯ ನಂತರ ಯುವಕನನ್ನು ದೂರುವುದನ್ನು ಬಿಟ್ಟು, ಸಲಕರಣೆಯನ್ನೇ ಒಮ್ಮೆ ಪರೀಕ್ಷಿಸೋಣವೆಂದು ತೀರ್ಮಾನಿಸಿದೆ. ಪರೀಕ್ಷೆ ಎಂದರೆ ನಮಗೆ ಹೊಸದೇನಲ್ಲ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಚೆನ್ನಾಗಿ ಬಂದ ತಳಿ ರೈತನ ಹೊಲದಲ್ಲಿ ಹಾಗೆಯೇ ಬರುತ್ತದೆಂಬ ಭರವಸೆಯಿಲ್ಲ. ಅದಕ್ಕಾಗಿಯೇ 1965ರಿಂದ ರಾಷ್ಟ್ರೀಯ ಪ್ರಾತ್ಯಕ್ಷಿಕೆಗಳೆಂದು ರೈತರ ಹೊಲದಲ್ಲೇ ಬೆಳೆದು ತೋರಿಸುವ ಕ್ರಮ ಬಂತು. ಕಂಪನಿಯ ಕೊಠಡಿಯಲ್ಲಿ, ವೇಗದ ಇಂಟರ್‌ನೆಟ್ಟಿನಲ್ಲಿ, ಇಂಗ್ಲಿಷ್ ಬಲ್ಲ ತರುಣರು ಒಪ್ಪಿದ ಸಲಕರಣೆ ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹೇಗೆ ನಡೆಯುತ್ತದೆಂಬುದು ಬೇರೆಯೇ ಪ್ರಶ್ನೆ.

ಈ ವಿಷಯದಲ್ಲಿ ಹೆಸರಾದ ಡೆನ್ಮಾರ್ಕ್ ಮೂಲದ ಯಾಕೋಬ್ ನೀಲ್ಸೆನ್ ಎಂಬುವರು 2000ದಲ್ಲಿ ಬರೆದ ಲೇಖನವೊಂದರಲ್ಲಿ, ಐದು ಜನರನ್ನು ಕೂರಿಸಿ ಕೆಲಸ ಮಾಡಿಸಿ ನೋಡಿದರೆ ದೋಷಗಳಲ್ಲಿ ಹೆಚ್ಚಿನವು, ಅವರ ಲೆಕ್ಕದಲ್ಲಿ ಶೇಕಡಾ 85ರಷ್ಟು, ಹೊರಬೀಳುತ್ತವೆ ಎಂದಿದ್ದಾರೆ. ನಿಯಮ ಸರಳ. ಒಂದು ನಿಜವಾದ ಕೆಲಸ ಕೊಡಬೇಕು. ಮನಸ್ಸಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತ ಮಾಡಿ ಎನ್ನಬೇಕು. ನೋಡುವವನು ಬಾಯಿ ಮುಚ್ಚಿ ಕೂತಿರಬೇಕು. ಈ ಕೊನೆಯದು ವಿಸ್ತರಣಾಧಿಕಾರಿಗೆ ಎಷ್ಟು ಕಷ್ಟವೆಂದು ಅಂದು ಗೊತ್ತಾಯಿತು! ಕೈ ಮುಂದೆ ಚಾಚಿ ತೋರಿಸಿಬಿಡೋಣವೆಂದು ಹತ್ತು ಸಲ ಅನ್ನಿಸಿತು.

ನನ್ನ ಐವರು: ಆ ಯುವಕ, ಸ್ವಸಹಾಯ ಸಂಘದ ಒಬ್ಬ ಸದಸ್ಯೆ, ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರು, ಹಾಲಿನ ಡೇರಿಯ ಕಾರ್ಯದರ್ಶಿ, ಮತ್ತು ಚಿತ್ರದಲ್ಲಿ ಔಷಧಿ ಕಲಸಿದ ಹಿರಿಯರು. ಅದೇ ಹನ್ನೊಂದು ನಿಮಿಷದ ಚಿತ್ರ, ಕನ್ನಡ ಅಕ್ಷರಗಳೊಂದಿಗೆ ನಾಲ್ಕೈದು ನಿಮಿಷಕ್ಕೆ ಇಳಿಸಬೇಕು.

ಮೊದಲ ಬೇಲಿ ಬಾಗಿಲಲ್ಲೇ ಇತ್ತು. ಖಾತೆ ತೆರೆಯದೆ ಸಲಕರಣೆ ಒಳಗೆ ಬಿಡುವುದಿಲ್ಲ. ಸಂಘದ ಅಕ್ಕನಿಗೆ ಇ-ಮೇಲ್ ಇದೆ, ಆದರೆ ಅದನ್ನು ಮಾಡಿಕೊಟ್ಟವನು ಮೊಬೈಲ್ ಅಂಗಡಿಯವನು, ಪಾಸ್‌ವರ್ಡ್ ಅವನಿಗೇ ಗೊತ್ತು. "ಇದು ನನ್ನ ಮನೆ ಬೀಗದ ಕೈಯನ್ನ ಅಂಗಡೀಲಿ ಇಟ್ಟ ಹಾಗಾಯ್ತಲ್ಲ ಸಾರ್" ಎಂದು ಅವರೇ ನಕ್ಕರು. ಅರ್ಧ ಗಂಟೆ ಇದರಲ್ಲೇ ಕಳೆಯಿತು.

ಎರಡನೆಯದು ಚಿತ್ರವನ್ನು ಮೇಲಕ್ಕೆ ಏರಿಸುವ ಕೆಲಸ. ಲೆಕ್ಕ ಹಾಕಿ ನೋಡಿ. ಈಗಿನ ಫೋನುಗಳಲ್ಲಿ ಸಾಮಾನ್ಯ ಪೂರ್ಣ ಎಚ್‌ಡಿ ಚಿತ್ರ ನಿಮಿಷಕ್ಕೆ ಸುಮಾರು 130 ಮೆಗಾಬೈಟ್ ಜಾಗ ತಿನ್ನುತ್ತದೆ. ಹನ್ನೊಂದು ನಿಮಿಷಕ್ಕೆ 1,400 ಮೆಗಾಬೈಟಿಗೂ ಮೇಲೆ. ಏರಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ ಒಂದೂವರೆ ಗಂಟೆ ಬೇಕು. ಅಷ್ಟರೊಳಗೆ ಕರೆಂಟು ಹೋದರೆ? ಹೋಯಿತು. ಮತ್ತೆ ಬಂದಾಗ ಮೊದಲಿನಿಂದ ಶುರು. ಎಷ್ಟು ಏರಿದೆ, ಉಳಿದದ್ದೆಷ್ಟು, ಏರಿದ್ದು ಉಳಿಯಿತೋ ಹೋಯಿತೋ ಎಂಬುದನ್ನು ಆ ಸಲಕರಣೆ ಹೇಳಲೇ ಇಲ್ಲ, ಚಕ್ರ ತಿರುಗುತ್ತಲೇ ಇತ್ತು. ನೀಲ್ಸೆನ್ 1994ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲಿ ಮೊದಲನೆಯದೇ ಇದು: ಯಂತ್ರ ಈಗ ಏನು ಮಾಡುತ್ತಿದೆ ಎಂಬುದು ಬಳಸುವವನಿಗೆ ಸದಾ ಕಾಣುತ್ತಿರಬೇಕು. ಪಂಪ್‌ಸೆಟ್ಟು ಶಬ್ದ ಮಾಡುತ್ತದೆ ಆದರೆ ನೀರು ಬರುತ್ತಿದೆಯೋ ಇಲ್ಲವೋ ಕಾಣದು ಎಂದರೆ ನೀವು ಒಪ್ಪುತ್ತೀರಾ?

ಇಲ್ಲೊಂದು ಭೇದವನ್ನು ತಿಳಿದಿರಬೇಕು. ಬ್ರೌಸರಿನಲ್ಲಿ ತೆರೆಯುವ ಸಲಕರಣೆಗಳೆಲ್ಲ ಚಿತ್ರವನ್ನು ಮೇಲಕ್ಕೆ ಏರಿಸುತ್ತವೆಂದಲ್ಲ. 2013ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಆರಂಭವಾಗಿ 2021ರಲ್ಲಿ ಮೈಕ್ರೋಸಾಫ್ಟ್ ಕೊಂಡ ಕ್ಲಿಪ್‌ಚಾಂಪ್, ಚಿತ್ರವನ್ನು ನಿಮ್ಮ ಕಂಪ್ಯೂಟರಿನಲ್ಲಿಯೇ ಇಟ್ಟು ಕತ್ತರಿಸುವ ಬಗೆಯದು. ಇಂಥದ್ದಕ್ಕೆ ಇಂಟರ್‌ನೆಟ್ಟಿನ ಹೊರೆ ಕಡಿಮೆ, ಕಂಪ್ಯೂಟರಿನ ಹೊರೆ ಹೆಚ್ಚು. ನಿಮ್ಮ ಊರಿನಲ್ಲಿ ಯಾವುದು ದುರ್ಬಲವೋ ಅದನ್ನು ನೋಡಿಕೊಂಡು ಆರಿಸಬೇಕು, ಮಣ್ಣು ನೋಡಿ ತಳಿ ಆರಿಸಿದಂತೆ.

ಮೂರನೆಯದು ಅಕ್ಷರ. ಡೇರಿಯ ಕಾರ್ಯದರ್ಶಿಗಳು ನುಡಿಯಲ್ಲಿ ಹಳೆಯ ಕ್ರಮದಲ್ಲಿ ಬರೆದಿಟ್ಟಿದ್ದ ಸಾಲುಗಳನ್ನು ತಂದು ಅಂಟಿಸಿದರು. ತೆರೆಯ ಮೇಲೆ ಬಂದದ್ದು ಯಾವ ಭಾಷೆಯೂ ಅಲ್ಲ, ಯುನಿಕೋಡ್ ಅಲ್ಲದ ಬರಹಕ್ಕೆ ಆಗುವ ಗತಿಯೇ ಅದು. ಅದನ್ನು ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಕೆಲಸ ಮಾಡುವಾಗ ಸರಿಯಾಗಿಯೇ ಕಂಡಿತು. ಆದರೆ ಸಿದ್ಧವಾಗಿ ಇಳಿದು ಬಂದ ವಿಡಿಯೊದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ, ಸುಣ್ಣ ಎಂಬುದು 'ಸುಣ್‌ಣ' ಎಂದಾಗಿತ್ತು. ಕನ್ನಡದ ಒತ್ತುಗಳನ್ನು ಕೂಡಿಸಿ ಕೆಳಗೆ ಕೂರಿಸುವ ಕೆಲಸವನ್ನು ಕಂಪ್ಯೂಟರಿನಲ್ಲಿ ಬೇರೊಂದು ಭಾಗ ಮಾಡಬೇಕಾಗುತ್ತದೆ. ತೋರಿಸುವ ಕಡೆ ಆ ಭಾಗ ಇದ್ದು, ಚಿತ್ರ ತಯಾರಿಸುವ ಕಡೆ ಇಲ್ಲದಿದ್ದರೆ ಹೀಗಾಗುತ್ತದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, "ಮೂರನೇ ಕ್ಲಾಸಿನ ಹುಡುಗ ಹೀಗೆ ಬರೆದಿದ್ರೆ ಹತ್ತು ಸಲ ತಿದ್ದಿ ಬರೆಸ್ತಿದ್ದೆ" ಎಂದರು.

ಒಳ್ಳೆಯದನ್ನೂ ಹೇಳಬೇಕು. ಮಾಡಿದ ತಪ್ಪನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತರುವ ಬಾಣದ ಗುರುತು ಐವರಿಗೂ ಹತ್ತೇ ನಿಮಿಷದಲ್ಲಿ ಒಗ್ಗಿತು. ಮೇಷ್ಟ್ರಂತೂ ಅದರ ಧೈರ್ಯದ ಮೇಲೆಯೇ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದರು. ಮಾಡಿದ್ದು ತಾನೇ ಉಳಿಯುತ್ತಿತ್ತು, ಕರೆಂಟು ಎರಡನೆಯ ಸಲ ಹೋದಾಗ ಕತ್ತರಿಸಿದ ಕೆಲಸ ಕೆಡಲಿಲ್ಲ. ಕತ್ತರಿಯ ಚಿತ್ರ ಕಂಡರೆ ಕತ್ತರಿಸುವುದೆಂದು ಯಾರಿಗೂ ಹೇಳಬೇಕಾಗಲಿಲ್ಲ.

ಆದರೆ 'ಮೌನ ತೆಗೆ' ಗುಂಡಿಯನ್ನು ಐವರಲ್ಲಿ ನಾಲ್ವರು ಒತ್ತಿದರು, ನಾಲ್ವರಿಗೂ ಚಾಕುವಿನ ಪರೀಕ್ಷೆ ಹೋಯಿತು. ಏನೇನು ತೆಗೆದೆನೆಂದು ಯಂತ್ರ ತೋರಿಸಲಿಲ್ಲ, ತೆಗೆಯಲೇ ಎಂದು ಕೇಳಲೂ ಇಲ್ಲ. ಮೂವರು ಹೋದದ್ದನ್ನು ಗಮನಿಸಲೇ ಇಲ್ಲ. ಗಮನಿಸಿದವರು ಸಂಘದ ಅಕ್ಕ ಒಬ್ಬರೇ. ಒತ್ತದೆ ಇದ್ದವರು ಹಿರಿಯ ಬೆಳೆಗಾರರು. "ನಾನು ಅಲ್ಲಿ ಸುಮ್ನೆ ನಿಂತಿದ್ದೆ ಅಂತ ಯಾರು ಹೇಳಿದ್ದು? ನಾನು ನೋಡ್ತಾ ಇದ್ದೆ" ಎಂದರು.

ನನ್ನ ವಾದದ ತಿರುಳು ಇದೇ. ಈ ಸಲಕರಣೆಗಳನ್ನು ಕಟ್ಟಿದವರು ಮಾತನ್ನೇ ವಿಷಯವೆಂದು ತಿಳಿದಿದ್ದಾರೆ. ಪೇಟೆಯಲ್ಲಿ ಕ್ಯಾಮೆರಾದ ಮುಂದೆ ಕೂತು ಮಾತನಾಡುವವರಿಗೆ ಅದು ಸರಿ. ಬೇಸಾಯದಲ್ಲಿ ವಿಷಯವಿರುವುದು ಕೈಯಲ್ಲಿ. ಕಸಿ ಕಟ್ಟುವವನು ಮಾತಾಡುವುದಿಲ್ಲ. ಹಸುವಿನ ಕೆಚ್ಚಲು ಮುಟ್ಟಿ ನೋಡುವವಳು ಮಾತಾಡುವುದಿಲ್ಲ. ಬಿತ್ತನೆ ಬೀಜವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೇಲುವುದನ್ನು ಕಾಯುವವನೂ ಮಾತಾಡುವುದಿಲ್ಲ. ಅದನ್ನು ಕತ್ತರಿಸಿ ಹಿನ್ನೆಲೆಗೆ ಸಂಗೀತ ತುಂಬಿದರೆ ನೋಡಲು ಚುರುಕಾಗಿರುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ. ಚುರುಕಾಗಿದ್ದರೆ ಹೆಚ್ಚು ಜನ ನೋಡುತ್ತಾರೆಂದು ಯುವಕರು ವಾದಿಸುತ್ತಾರೆ. ನಿಜವಿರಬಹುದು. ಹತ್ತು ಸಾವಿರ ಜನ ನೋಡಿ ತಪ್ಪು ಕಲಸುವುದಕ್ಕಿಂತ ನಲವತ್ತು ಜನ ನೋಡಿ ಸರಿಯಾಗಿ ಕಲಸುವುದು ನನಗೆ ಸಾಕು.

ಅಂಕದ ಮೋಸ

ಕೆಲಸ ಮುಗಿದ ಮೇಲೆ ಐವರಿಂದಲೂ ಅಂಕ ಹಾಕಿಸಿದೆ. 1986ರಲ್ಲಿ ಬ್ರಿಟನ್ನಿನ ಜಾನ್ ಬ್ರೂಕ್ ಎಂಬುವರು ರೂಪಿಸಿದ ಹತ್ತು ವಾಕ್ಯಗಳ ಪಟ್ಟಿಯೊಂದಿದೆ. 'ಬಳಸಲು ಸುಲಭವಾಗಿತ್ತು', 'ಬೇರೆಯವರ ನೆರವು ಬೇಕಾಗುತ್ತದೆ' ಎಂಬಂಥ ವಾಕ್ಯಗಳಿಗೆ ಒಂದರಿಂದ ಐದರವರೆಗೆ ಒಪ್ಪಿಗೆ ಸೂಚಿಸಬೇಕು. ಲೆಕ್ಕ ಹಾಕಿದಾಗ ನೂರಕ್ಕೆ ಇಷ್ಟೆಂದು ಬರುತ್ತದೆ, 68ರ ಆಸುಪಾಸು ಸಾಧಾರಣವೆಂದು ಎಣಿಕೆ. ನಮ್ಮ ಯುವಕ 85 ಕೊಟ್ಟ. ಸಂಘದ ಅಕ್ಕ ಕೊಟ್ಟದ್ದು 40. ವಿಚಿತ್ರವೇನೆಂದರೆ, ಚಾಕು ಮಾಯವಾದದ್ದನ್ನು ಕಂಡು, ಬಾಣ ಒತ್ತಿ ಹಿಂದಕ್ಕೆ ತಂದು, ಕೊನೆಗೆ ಸರಿಯಾದ ವಿಡಿಯೊ ಮಾಡಿದ್ದು ಆ ಅಕ್ಕನೇ. ಯುವಕನ ವಿಡಿಯೊದಲ್ಲಿ ಎರಡನೆಯ ಸಲವೂ ಅದು ಇರಲಿಲ್ಲ. ಬಳಸುವವನಿಗೆ ಹಿತವಾಯಿತೆಂದ ಮಾತ್ರಕ್ಕೆ ಕೆಲಸ ಸರಿಯಾಯಿತೆಂದಲ್ಲ. ಆದ್ದರಿಂದ ಅಂಕವನ್ನು ನಾನು ಕಡೆಗಣಿಸುವುದಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಇರಲೇಬೇಕೆನ್ನುತ್ತೇನೆ: ವಿಡಿಯೊ ನೋಡಿದ ಮೂರನೆಯವನೊಬ್ಬ ಅದನ್ನು ನೋಡಿ ಸರಿಯಾಗಿ ಮಾಡಿದನೇ? ಬೀಜ ಕಂಪನಿಯ ಏಜೆಂಟನನ್ನು ಕೇಳಿ ಇಳುವರಿ ಬರೆದುಕೊಳ್ಳುವವರುಂಟೇ?

ಹಣದ ವಿಷಯ ಒಂದು ಮಾತು. ಆ ಸಲಕರಣೆ ಪುಕ್ಕಟೆ ಎಂದು ಕರೆದುಕೊಂಡು, ಎರಡು ಗಂಟೆ ದುಡಿಸಿಕೊಂಡು, ವಿಡಿಯೊ ಇಳಿಸಿಕೊಳ್ಳುವ ಗಳಿಗೆಯಲ್ಲಿ 'ನಮ್ಮ ಗುರುತು ತೆಗೆಯಬೇಕಾದರೆ ತಿಂಗಳ ಚಂದಾ ಕಟ್ಟಿ' ಎಂದಿತು. ಕೇಳುವುದು ತಪ್ಪಲ್ಲ, ಅವರೂ ಬದುಕಬೇಕು. ಆದರೆ ಅದನ್ನು ಬಾಗಿಲಲ್ಲೇ ಹೇಳಬೇಕು. ಮಂಡಿಗೆ ಮಾಲು ಇಳಿಸಿದ ಮೇಲೆ ಕಮಿಷನ್ ಹೇಳುವ ದಲ್ಲಾಳಿಯನ್ನು ನಾವು ಮರು ವರ್ಷ ಹುಡುಕಿಕೊಂಡು ಹೋಗುತ್ತೇವೆಯೇ?

ಇನ್ನೊಂದು ಎಚ್ಚರಿಕೆ. ಯಾವ ಸಲಕರಣೆಯೂ ಶಾಶ್ವತವಲ್ಲ. ಯೂಟ್ಯೂಬ್ 2010ರಲ್ಲಿ ತಂದಿದ್ದ ವಿಡಿಯೊ ಸಂಪಾದನೆಯ ಸೌಲಭ್ಯವನ್ನು 2017ರಲ್ಲಿ ನಿಲ್ಲಿಸಿತು. 2020ರ ಜೂನ್‌ನಲ್ಲಿ ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ, ವಿಡಿಯೊ ಕತ್ತರಿಸಲು ಬಳಕೆಯಲ್ಲಿದ್ದ ವಿವಾವಿಡಿಯೊ ಕೂಡ ಒಂದು. ಹೀಗಿರುವಾಗ ಮೂಲ ಚಿತ್ರವನ್ನು ಪರರ ಕಣಜದಲ್ಲಿ ಬಿಟ್ಟು ಬರುವುದು ಜಾಣತನವಲ್ಲ. ಒಂದು ಪೆನ್ ಡ್ರೈವಿನಲ್ಲಾದರೂ ಅದರ ಪ್ರತಿ ನಿಮ್ಮ ಬಳಿ ಇರಲಿ. ಬಿತ್ತನೆಗೆ ಬೀಜ ಎತ್ತಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲಾಖೆಗಳೂ ಸಂಘ ಸಂಸ್ಥೆಗಳೂ ಈಗ ರೈತರಿಗೆ ವಿಡಿಯೊ ತಯಾರಿಯ ತರಬೇತಿ ಏರ್ಪಡಿಸುವುದುಂಟು. ಒಳ್ಳೆಯದು. ಆದರೆ ಯಾವ ಸಲಕರಣೆಯನ್ನು ಕಲಿಸಬೇಕೆಂಬುದನ್ನು ತರಬೇತುದಾರ ತನಗೆ ಒಗ್ಗಿದ್ದನ್ನು ನೋಡಿ ಗೊತ್ತು ಮಾಡಬಾರದು. ಮೊದಲ ದಿನ ಬೆಳಿಗ್ಗೆ ಐದು ಜನ ರೈತರನ್ನು, ಅದರಲ್ಲಿ ಇಬ್ಬರಾದರೂ ಹೆಂಗಸರನ್ನು, ಎರಡು ಮೂರು ಸಲಕರಣೆಗಳ ಮುಂದೆ ಕೂರಿಸಿ ಸುಮ್ಮನೆ ನೋಡಲಿ. ಮಧ್ಯಾಹ್ನದ ಊಟದ ಹೊತ್ತಿಗೆ ಉತ್ತರ ಸಿಕ್ಕಿರುತ್ತದೆ. ಇದಕ್ಕೆ ತಗಲುವ ಖರ್ಚು ಐದು ಲೋಟ ಕಾಫಿಯದು. ಹೀಗೆ ಮಾಡಲು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಹಿಂಜರಿಯುತ್ತಾರೆ, ರೈತರ ಎದುರು ನಮ್ಮ ಆಯ್ಕೆ ತಪ್ಪೆಂದು ಕಾಣುತ್ತದೆಂಬ ಸಂಕೋಚ. ನನ್ನ ಆಯ್ಕೆ ತಪ್ಪೆಂದು ಅರವತ್ತು ಮರಗಳ ಕೆಳಗೆ ಕಂಡದ್ದಾಗಿದೆ, ಅದಕ್ಕಿಂತ ಹೆಚ್ಚಿನ ಸಂಕೋಚ ಇರಲಾರದು.

ಈ ವರ್ಷದ ಮೊದಲ ಸಿಂಪರಣೆಗೆ ಮುನ್ನ ಆ ವಿಡಿಯೊವನ್ನು ಮತ್ತೆ ಮಾಡಿದೆವು, ಬೇರೊಂದು ಸಲಕರಣೆಯಲ್ಲಿ. ಕತ್ತರಿಸಿದ್ದು ಸಂಘದ ಅಕ್ಕ, ಪಕ್ಕದಲ್ಲಿ ಕೂತು ಒತ್ತಕ್ಷರ ತಿದ್ದಿದ್ದು ಮೇಷ್ಟ್ರು. ಅಕ್ಷರಗಳನ್ನು ಕತ್ತರಿಸುವ ಕೆಲಸವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಹಾಕಿದೆವು, ಇನ್ನು ಜಾರುವ ಪ್ರಶ್ನೆ ಇಲ್ಲ. ವಿಡಿಯೊ ಆರು ನಿಮಿಷ ಇದೆ. ಕಳಿಸುವ ಮೊದಲು ಕಳೆದ ವರ್ಷ ನಷ್ಟ ಅನುಭವಿಸಿದವರ ಮನೆಗೇ ಹೋಗಿ ತೋರಿಸಿದೆ. ಅವರು ನಡುವೆ ಎರಡು ಸಲ ನಿಲ್ಲಿಸಿ ಪ್ರಶ್ನೆ ಕೇಳಿದರು. ಚಾಕು ಅದ್ದಿ ನಿಂತ ಆ ಒಂದು ನಿಮಿಷ ಪೂರ್ತಿಯಾಗಿ ಹಾಗೆಯೇ ಇದೆ. ನೋಡುವವರು ಬೇಸರಪಟ್ಟು ಮುಂದೆ ಓಡಿಸಬಾರದೆಂದು ಅದರ ಕೆಳಗೆ 'ಕಾಯಿರಿ' ಎಂದು ಬರೆದಿದ್ದೇವೆ.

ನೀವು ಮಾಡಿದ ವಿಡಿಯೊ ಇದ್ದರೆ ಮೂಲ ಚಿತ್ರದೊಂದಿಗೆ ನಿಮ್ಮ ಊರಿನ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ. ಕತ್ತರಿಸಿದ್ದನ್ನೂ ಮೂಲವನ್ನೂ ಅಕ್ಕಪಕ್ಕ ಇಟ್ಟು ನೋಡಲು ಅರ್ಧ ಗಂಟೆ ಸಾಕು. ಬರುವಾಗ ವಿಡಿಯೊ ಮಾಡದ, ಆದರೆ ಆ ಕೆಲಸ ಮಾಡಬೇಕಾಗಿರುವ ಒಬ್ಬ ನೆರೆಯವರನ್ನೂ ಕರೆದುಕೊಂಡು ಬನ್ನಿ.